ಸಿ.ಡಿ. ಒಳಗಿರುವಷ್ಟು ಹೊತ್ತು

ಕುರ್ಚಿ ಕೊಟ್ಟರೆ ಅಂಚಿನಲ್ಲೇ ಕೂರುವವನು, ಕೂತರೂ ಹೊಲಿಗೆ ಯಂತ್ರ ತುಳಿಯುವವನ ಹಾಗೆ ಬಲಗಾಲನ್ನು ಕುಣಿಸುತ್ತಲೇ ಇರುವವನು, ಅತ್ತಿಗೆಯ ಈ ಮೈದುನ. ಕೆಟ್ಟ ಕಂಪ್ಯೂಟರುಗಳ ರಿಪೇರಿ ಅವನ ಕಸುಬು. ಬಿರುಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟಿನ ಒಳಜೇಬಿನಲ್ಲಿ, ಅತ್ತಿಗೆಯೇ ಹೊಲಿದುಕೊಟ್ಟ ಬಟ್ಟೆಯ ಚೀಲದಲ್ಲಿ, ಕಂಪ್ಯೂಟರನ್ನು ತಾನೇ ನಡೆಸಬಲ್ಲ ಒಂದೇ ಒಂದು ಲಿನಕ್ಸ್ ಸಿ.ಡಿ.; ಹಾರ್ಡ್ ಡಿಸ್ಕ್ ಸತ್ತ ಯಂತ್ರಕ್ಕೂ ಅದನ್ನು ಹಾಕಿದರೆ ಪರದೆ ಕಣ್ಣು ಬಿಡುತ್ತಿತ್ತು.

"ಇದರ ಮೇಲೆ ಯಾರೂ ಏನೂ ಬರೆಯೋಕಾಗಲ್ಲ ಅತ್ತಿಗೆ. ಆಫ್ ಮಾಡಿದ್ರೆ ಎಲ್ಲ ಮರೆತು ಹೊಸದಾಗಿ ಏಳತ್ತೆ."

"ನಿನ್ನ ಹಾಗೇ. ಹೇಳಿದ್ದೊಂದೂ ತಲೇಲಿ ನಿಲ್ಲಲ್ಲ."

ತೀರಿಕೊಂಡ ಅಣ್ಣನ ಕಂಪ್ಯೂಟರನ್ನು ಒಂದು ಬೆಳಿಗ್ಗೆ ಹೀಗೆಯೇ ಎಬ್ಬಿಸಿ, ಅತ್ತಿಗೆಯ ಮುಂದಿಟ್ಟು ಅವನು ಓಡಿದ. ಅಕ್ಷರ ಅಷ್ಟಕ್ಕಷ್ಟೇ ಬಲ್ಲ ಅವಳು ಒಂದೇ ಬೆರಳಿನಲ್ಲಿ ತನ್ನ ಅಕ್ಕನಿಗೆ ಪತ್ರ ಕುಟ್ಟತೊಡಗಿದಳು. ಒಂಬತ್ತು ವರ್ಷದಿಂದ ಮಾತು ಬಿಟ್ಟು, ಫೋನಿನಲ್ಲಿ ದನಿ ಕೇಳಿದೊಡನೆ ಇಟ್ಟುಬಿಡುತ್ತಿದ್ದ ಅಕ್ಕನಿಗೆ ಮರುದಿನ ಹೃದಯದ ಶಸ್ತ್ರಚಿಕಿತ್ಸೆ. ಸಂಜೆಯೊಳಗೆ ಇ-ಮೇಲಿನಲ್ಲಿ ಪತ್ರ ಬಂದರೆ ಆಸ್ಪತ್ರೆಯಲ್ಲಿ ಓದಿಹೇಳುತ್ತೇನೆಂದು ಅಕ್ಕನ ಮಗಳು ಮಾತು ಕೊಟ್ಟಿದ್ದಳು.

ಮೂವತ್ತೊಂದು ಸಾಲಾಗಿತ್ತು. ಅತ್ತಿಗೆ ನೀರು ಕುಡಿಯಲು ಒಳಗೆ ಹೋದ ಗಳಿಗೆಯಲ್ಲೇ ಮೈದುನ ಬಿರುಗಾಳಿಯಂತೆ ನುಗ್ಗಿದ. ಮುದ್ರಣಾಲಯದ ಯಂತ್ರ ಕೈಕೊಟ್ಟಿತ್ತು, ಸಿ.ಡಿ. ಬೇಕಿತ್ತು. ಪರದೆಯತ್ತ ನೋಡದೆಯೇ ಆಫ್ ಮಾಡುವ ಗುಂಡಿ ಒತ್ತಿದ; ಪರದೆ ಆರಿತು.

"ಅಯ್ಯೋ, ನನ್ನ ಕಾಗದ!"

"ಸೇವ್ ಮಾಡಿರಲಿಲ್ವಾ?"

"ಹೇಗೆ ಅಂತ ಯಾವತ್ತು ಹೇಳಿಕೊಟ್ಟೆ ಮಾರಾಯ? ನಿಂತ ಕಾಲಲ್ಲೇ ಓಡ್ತೀಯಲ್ಲ!"

 ಹೊರಬಂದ ಸಿ.ಡಿ.ಯನ್ನು ಅವನು ತಾನೇ ಮರಳಿ ಒಳಗಿಟ್ಟ. ಅದು ಅಲ್ಲಿರುವಷ್ಟು ಹೊತ್ತು ಅವನೂ ಎಲ್ಲಿಗೂ ಹೋಗುವಂತಿಲ್ಲ. ಮುದ್ರಣಾಲಯದವರ ಫೋನು ಆರು ಸಲ ಬಡಿದುಕೊಂಡಿತು.

"ನೀವು ಹೇಳ್ತಾ ಹೋಗಿ, ಐದೇ ನಿಮಿಷ, ನಾನು ಕುಟ್ಟಿಬಿಡ್ತೀನಿ."

"ಬೇಡ. ಇದು ಅಕ್ಕ ತಂಗಿ ಮಾತು."

"ಹಾಗಾದ್ರೆ ಚಿಕ್ಕದಾಗಿ ಬರೀರಿ."

"ಮೂವತ್ತೊಂದು ಸಾಲಿತ್ತು, ಮೂವತ್ತೊಂದೇ ಬರೀತೀನಿ. ಮೊದಲು ಆ ಕಾಲು ನಿಲ್ಸು, ಮೇಜು ಅಲ್ಲಾಡ್ತಿದೆ."

ಎರಡೂ ಕೈಗಳಿಂದ ಮೊಣಕಾಲನ್ನು ಅದುಮಿ ಹಿಡಿದು, ಗೋಡೆ ನೋಡುತ್ತ, ಐದೈದು ಸಾಲಿಗೊಮ್ಮೆ ಪತ್ರವನ್ನು ಪೆನ್ ಡ್ರೈವಿಗೆ ಉಳಿಸುತ್ತ ಅವನು ಕೂತ. ನಾಲ್ಕೂವರೆಗೆ ಪತ್ರ ಹೋಯಿತು. ಐದಕ್ಕೆ ಅಕ್ಕನ ಮಗಳ ಉತ್ತರ ಬಂತು: "ಅಮ್ಮ ಎರಡು ಸಲ ಓದಿಸಿದ್ರು. ಅರ್ಧ ಸುಳ್ಳಂತೆ. ಜಗಳ ಆಡೋಕೆ ಚಿಕ್ಕಮ್ಮ ಬೆಳಿಗ್ಗೆನೇ ಬರ್ಬೇಕಂತೆ."

ಹೋದಲ್ಲೆಲ್ಲ ಕೆಟ್ಟದ್ದನ್ನು ಎಬ್ಬಿಸಿ, ತಮ್ಮ ಗುರುತನ್ನೂ ಉಳಿಸದೆ ಎದ್ದುಹೋಗುವ ಜನರಿದ್ದಾರೆ. ಅವರ ಅವಸರವನ್ನು ಲೋಕ ನಿರ್ದಯೆಯೆಂದು ಬಗೆಯುತ್ತದೆ. ಎಲ್ಲ ಬಲ್ಲ ಅವರಿಗೆ ಗೊತ್ತಿಲ್ಲದ್ದು ಒಂದೇ, ಇನ್ನೊಬ್ಬರ ನಿಧಾನದ ಪಕ್ಕದಲ್ಲಿ ಕೂರುವುದು. ಅದನ್ನು ಅವರಿಗೆ ಯಾರೂ ಕಲಿಸಲಾರರು, ಪಕ್ಕದಲ್ಲಿ ಕೂರಿಸಿಕೊಳ್ಳಬಹುದು, ಅಷ್ಟೆ.