ಸ್ಟೇರಿಂಗ್ ಮೇಲಿನ ಕೈ

ಕೋರ್ಟಿನ ಪಡಸಾಲೆಯಲ್ಲಿ ಫ್ಯಾನು ತಿರುಗುತ್ತದೆ, ಗಾಳಿ ಮಾತ್ರ ಇಲ್ಲ, ಹುನಗುಂದದ ಬಿಸಿಲಿಗೆ ಇದು ಯಾವ ಲೆಕ್ಕ, ಇನ್ನೆರಡು ಹೆಸರಾದರೆ ಮೂರನೆಯದು ನನ್ನದು, ಟೆಂಪೊ ಡ್ರೈವರ್ ಮಾಳಿಂಗರಾಯ — ನಮ್ಮ ವಕೀಲ ವಿಜಯಮಹಾಂತೇಶರು ನಿನ್ನೆಯೇ ಪಾಠ ಹೇಳಿಕೊಟ್ಟಿದ್ದಾರೆ, ಅಮಸಿದ್ದಪ್ಪ ಕುಡದಿದ್ದ, ತೂರಾಡಕೋತ ಗಾಡಿಗೆ ಅಡ್ಡ ಬಂದ, ಇಷ್ಟ ಹೇಳು, ದವಾಖಾನಿ ಕಾಗದದಾಗ ಶೆರೆ ವಾಸನಿ ಅಂತ ಬರದೈತಿ, ತಪ್ಪಿನ ಮುಕ್ಕಾಲು ಪಾಲು ಅವನ ಮ್ಯಾಲ ಹೋಗತೈತಿ, ನಿನ್ನ ಲೈಸೆನ್ಸ್ ಉಳೀತೈತಿ. ಉಳಿಯಲಿ, ಬೇರೆ ಯಾವ ಕೆಲಸ ಬರುತ್ತದೆ ನನಗೆ, ಹತ್ತೊಂಬತ್ತು ವರ್ಷ ಇಳಕಲ್ಲಿನ ಸೀರೆ ಗಂಟು ಬಾಗಲಕೋಟೆಗೆ ಒಯ್ದವನು, ಒಂದು ನಾಯಿಗೂ ಗಾಲಿ ತಾಗಿಸದವನು. ಅಮಸಿದ್ದಪ್ಪನ ಕಡೆಯ ವಕೀಲರು ಹೋದ ಸಲವೇ ಕೇಳಿದರು, ಕುಡದಾಂವ ರಸ್ತಾದ ಬಾಜೂಕ ನಡೀಬಾರದು ಅಂತ ಯಾವ ಕಾಯ್ದೆದಾಗ ಐತ್ರಿ, ಕಂಡ ಮ್ಯಾಲ ನಿಲ್ಲಸಬೇಕಾದಾಂವ ಡ್ರೈವರ್ ಅಲ್ಲೇನ್ರಿ — ಕಂಡ ಮೇಲೆ, ಕಂಡಿದ್ದರೆ ತಾನೆ. ಅವನು ಬಿದ್ದ ಜಾಗದಲ್ಲಿ ಬೀರಪ್ಪನ ಗುಡಿ ರಸ್ತೆಗೆ ಹತ್ತಿಕೊಂಡೇ ಇದೆ, ಉಳಿದ ಡ್ರೈವರುಗಳು ಒಂದು ಹಾರ್ನ್ ಹೊಡೆದು ಒಂದು ಕೈ ಎದೆಗೆ ಮುಟ್ಟಿಸಿ ಹೋಗುತ್ತಾರೆ, ನನಗೆ ಅಷ್ಟು ಸಾಲದು, ಅಪ್ಪ ಕಲಿಸಿದ್ದೇ ಬೇರೆ, ಒಂಟಿ ಕೈ ಸಲಾಮು ಪೊಲೀಸರಿಗೆ, ದೇವರಿಗೆ ಎರಡೂ ಕೈ, ಕಣ್ಣ ಮುಚ್ಚಿ ಮುಗಿಬೇಕಲೇ — ಅಪ್ಪ ಹೊಡೆದದ್ದು ಚಕ್ಕಡಿ, ಅವನು ಕಣ್ಣು ಮುಚ್ಚಿದರೆ ಎತ್ತುಗಳು ದಾರಿ ನೋಡುತ್ತಿದ್ದವು, ಟೆಂಪೊಗೆ ಎಲ್ಲಿಯ ಕಣ್ಣು. ಆವತ್ತು ಹಾಡಹಗಲು ಹನ್ನೊಂದು ಗಂಟೆ, ಎರಡೂ ಕೈ ಎದೆಯ ಮುಂದೆ ಕೂಡಿವೆ, ಕಣ್ಣು ಮುಚ್ಚಿದೆ, ಧಡ್ ಎಂದಿತು. ಹೆಂಡತಿ ಸುರೇಖಾಗೂ ಇದನ್ನು ಹೇಳಿಲ್ಲ.

ಊರುಗೋಲಿನ ಸಪ್ಪಳ, ಅವನೇ, ಅಮಸಿದ್ದಪ್ಪ, ಮೊಣಕಾಲಿನ ಕೆಳಗೆ ಧೋತರ ಖಾಲಿ ಜೋಲುತ್ತಿದೆ, ನನ್ನ ಬೆಂಚಿಗೇ ಬಂದು ಕೂತ, ಬೇರೆ ಜಾಗ ಸಿಗಲಿಲ್ಲವೇ ಮಾರಾಯ, ಬೈಯುತ್ತಾನೆಂದು ಮೈ ಗಟ್ಟಿ ಮಾಡಿಕೊಂಡರೆ, ಚಾ ಆತೇನ್ರಿ ಅಂದ, ಆವತ್ತಿನಿಂದ ಶೆರೆ ಮುಟ್ಟಿಲ್ರಿ ನಾ, ತಪ್ಪು ನಂದ ಐತಿ, ಏನೂ ನೆನಪಿಲ್ಲ, ನಾನ ಅಡ್ಡ ಬಂದಿರಬೇಕು, ನಿಮ್ಮ ಹೊಟ್ಟಿ ಮ್ಯಾಲ ಹೊಡಿಯಾಕ ಮನಸಿರಲಿಲ್ಲ, ನಮ್ಮಾಕಿ ಕೇಳಲಿಲ್ಲ, ಕೇಸ ಹಾಕಸಿದ್ಲು. ಎರಡು ವರ್ಷದಿಂದ ಈ ಮನುಷ್ಯ ನನ್ನ ತಪ್ಪನ್ನು ಹೊತ್ತು ಒಂದು ಕಾಲಲ್ಲಿ ತಿರುಗುತ್ತಿದ್ದಾನೆ, ಥೂ ನನ್ನ ಜನ್ಮಕ್ಕೆ, ಆಗೇತ್ರಿ ಚಾ ಎಂದೆ, ಅದೂ ಸುಳ್ಳು — ಹೆಸರು ಕರೆದರು, ಕಟಕಟೆ ಹತ್ತಿದೆ, ಸತ್ಯವನ್ನೇ ಹೇಳುತ್ತೇನೆ ಅನ್ನಿಸಿದರು, ಅಂದೆ, ಗಾಡಿ ಎಷ್ಟು ಜೋರಿತ್ತು ಎಂದು ವಿಜಯಮಹಾಂತೇಶರು ಕೇಳಿದರು, ಸಾವಕಾಶ ಇತ್ರಿ, ಅದು ಖರೆ, ಸ್ಟೇರಿಂಗ್ ಮ್ಯಾಲ ಕೈ ಬರೋಬ್ಬರಿ ಇತ್ತಲ್ಲ ಅಂದರು, ಹೂಂ ಅಂದರೆ ಮುಗಿಯಿತು, ಒಂದೇ ಒಂದು ಹೂಂ, ವಕೀಲರು ಕಣ್ಣಲ್ಲೇ ಹೇಳು ಹೇಳು ಅನ್ನುತ್ತಾರೆ, ಇಲ್ರಿ ಅಂದೆ. ಮತ್ತ ಎಲ್ಲಿತ್ತು, ಜಡ್ಜ್ ಸಾಹೇಬರು ತಲೆ ಎತ್ತಿದರು, ಕೈಗಳೇ ಎದ್ದವು, ಕೂಡಿದವು, ನಮಸ್ಕಾರ ಇರಲಿ, ಕೇಳಿದ್ದಕ್ಕ ಉತ್ತರ ಹೇಳು ಅಂದರು, ಇದ ಉತ್ತರ ರೀ, ಆವತ್ತೂ ಹಿಂಗ, ಎದೆಯ ಮುಂದೆ, ಎರಡೂ ಕೈ, ಎರಡೂ —