ಮೇಜಿನ ಆ ಕಡೆಯ ಕುರ್ಚಿ

ಮತಗಟ್ಟೆಯ ಮೇಜಿಗೆ ಸಿಬ್ಬಂದಿಯಾಗಿ ಎರಡೂ ಪಕ್ಷದವರು ಕೂರಲೇಬೇಕು, ಅದು ಕಾನೂನು. ಲುಂಡ್ ಊರಿನ ಸಭಾಭವನದಲ್ಲಿ ರಿಪಬ್ಲಿಕನ್ನರ ಕುರ್ಚಿ ಮಾರ್ಲಿಸ್‌ಳದು, ಡೆಮಾಕ್ರಟರದು ಆರ್ಡಿಸ್‌ಳದು. ಇಬ್ಬರೂ ಅಕ್ಕಪಕ್ಕದ ಹೊಲದವರು. ಮೊದಮೊದಲು ಕಷ್ಟವಾಗುತ್ತಿದ್ದುದು ಮಾರ್ಲಿಸ್‌ಳ ಕುರ್ಚಿ ತುಂಬುವುದು. ಹಾಲು ಕರೆದು ಬದುಕುತ್ತಿದ್ದ ಆ ಊರಲ್ಲಿ ಅವಳ ಪಕ್ಷದವರನ್ನು ದೀಪ ಹಿಡಿದು ಹುಡುಕಬೇಕಿತ್ತು. ಆಮೇಲೆ ಒಂದೊಂದೇ ಕೊಟ್ಟಿಗೆ ಖಾಲಿಯಾಯಿತು. ಪ್ರತಿ ಚುನಾವಣೆಗೂ ಊರು ಒಂದಿಷ್ಟು ಮಾರ್ಲಿಸ್‌ಳ ಪಕ್ಷದ ಕಡೆಗೆ ವಾಲಿತು. ಮಗುಚಿದ್ದು ಯಾವತ್ತೆಂದು ಆರ್ಡಿಸ್ ಹೇಳಲಾರಳು.

ಬೇಸಿಗೆಯಲ್ಲಿ ಕೌಂಟಿಯ ಚುನಾವಣಾ ಕಚೇರಿಯ ಹುಡುಗಿ ಫೋನ್ ಮಾಡಿದ್ದಳು. "ನೀವು ಇನ್ನೂ ಡೆಮಾಕ್ರಟ್ ತಾನೇ ಮೇಡಂ? ಅಲ್ಲ ಅಂದ್ರೆ ಲುಂಡ್ ಮತಗಟ್ಟೆ ಮುಚ್ಚಿ ಎಲ್ಲರನ್ನೂ ಪೇಟೆಗೇ ಕರೆಸ್ಬೇಕಾಗುತ್ತೆ. ನಿಮ್ಮ ಪಕ್ಷದ ಕುರ್ಚಿಗೆ ಬೇರೆ ಯಾರೂ ಸಿಗ್ತಿಲ್ಲ."

ಶಾಲೆ ಹೋಗಿತ್ತು, ಅಂಚೆ ಕಚೇರಿ ಹೋಗಿತ್ತು. ಊರವರು ಒಬ್ಬರ ಮುಖ ಒಬ್ಬರು ನೋಡಲು ಉಳಿದಿದ್ದು ಈ ಭವನ. "ಹೌದಮ್ಮಾ" ಎಂದು ಆರ್ಡಿಸ್ ಫೋನ್ ಇಟ್ಟಿದ್ದಳು.

ಮತದಾನದ ದಿನ ಊರಿನ ರೈತ ವರ್ಲಿನ್ ಕುಬಿಕ್ ಕೊಯ್ಲಿನ ಯಂತ್ರ ನಿಲ್ಲಿಸಿ ನೇರ ಬಂದ. ಟೋಪಿಯ ಮೇಲೆ ಮೆಕ್ಕೆಜೋಳದ ಹೊಟ್ಟು.

"ಏನಮ್ಮ ಆರ್ಡಿಸ್, ಇನ್ನೂ ಇದೀಯಾ? ಊರಿನ ಕೊನೇ ಡೆಮಾಕ್ರಟ್ ಅಂತ ನಿನ್ನನ್ನ ಗಾಜಿನ ಪೆಟ್ಟಿಗೇಲಿಟ್ಟು ಟಿಕೆಟ್ ಮಾರ್ಬೇಕು!"

"ನಿಮ್ಮಪ್ಪ ಹಾಲಿನ ಕೋಣೇಲಿ ನಮ್ಮ ಪಕ್ಷದಿಂದ ಗೆದ್ದ ದೇಶದ ಅಧ್ಯಕ್ಷರ ಫೋಟೋ ಹಾಕಿದ್ದ ಕಣೋ. ಮೊದಲನೇ ಟಿಕೆಟ್ ಅವನಿಗೇ."

"ಅಪ್ಪನಿಗೆ ಹಸು ಇದ್ವು," ಎಂದು ವರ್ಲಿನ್ ನಕ್ಕ. ಆಮೇಲೆ ನಗಲಿಲ್ಲ.

ಮಧ್ಯಾಹ್ನ ಯಾರೂ ಇಲ್ಲದಾಗ ಆರ್ಡಿಸ್ ತನ್ನ ಮತಪತ್ರ ಹಿಡಿದು ಮರೆಗೆ ಹೋದಳು. ಕೆಳಗಿನ ಹುದ್ದೆಗಳಿಗೆಲ್ಲ ಗುರುತು ಹಾಕಿದಳು. ಮೇಲೆ, ದೇಶದ ಅಧ್ಯಕ್ಷರ ಹುದ್ದೆಗೆ ನಿಂತವರ ಹೆಸರುಗಳ ಹತ್ತಿರ, ಪೆನ್ನು ಅಭ್ಯಾಸದಿಂದ ತನ್ನವರ ಕಡೆಗೆ ಹೋಗಿ ನಿಂತಿತು. ಇಳಿಯಲಿಲ್ಲ. ಇನ್ನೊಂದು ಹೆಸರಿನ ಕಡೆಗೂ ಹೋಗಲಿಲ್ಲ. ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡಿದಂತೆ ಒಂದಿಷ್ಟು ಹೊತ್ತು ಕಾದಳು. ಆ ಜಾಗ ಖಾಲಿಯೇ ಬಿಟ್ಟು ಬಂದಳು. ಮತ ಎಣಿಸುವ ಯಂತ್ರ ಮತಪತ್ರವನ್ನು ಸದ್ದಿಲ್ಲದೆ ನುಂಗಿತು.

"ಅಷ್ಟೊತ್ತು ಏನ್ ಮಾಡ್ದೆ? ನಿದ್ದೆ ಬಂತಾ?" ಎಂದಳು ಮಾರ್ಲಿಸ್.

"ಅಕ್ಷರ ಸಣ್ಣದು ಕಣೇ."

ಸಂಜೆ ಬಾಗಿಲು ಹಾಕಿದ ಮೇಲೆ ಯಂತ್ರ ಉದ್ದನೆಯ ಚೀಟಿ ಹೊರಹಾಕಿತು. ಮಾರ್ಲಿಸ್ ಕನ್ನಡಕ ಏರಿಸಿ ಓದಿದಳು. "ಏಳು ಜನ ನಿಮ್ಮವರು. ನೀನೊಬ್ಬಳೇ ಅಲ್ವಲ್ಲೇ!" ಬೆರಳು ಕೆಳಗಿಳಿಯಿತು. "ಒಂದು ಖಾಲಿ. ಅಧ್ಯಕ್ಷರದ್ದೇ ಖಾಲಿ ಬಿಟ್ಟಿದಾರೆ."

ಆರ್ಡಿಸ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದಳು. ಅದು ಆಗಲೇ ಬಿಗಿಯಾಗಿತ್ತು. ಮಾರ್ಲಿಸ್ ಅವಳ ಕೈಯನ್ನೇ ನೋಡಿದಳು. ಚೀಟಿಯ ತುದಿಗೆ ತಾನು ಸಹಿ ಹಾಕಿ ಆರ್ಡಿಸ್‌ಳ ಕಡೆ ಸರಿಸಿದಳು.

"ಹೆಸರಿನ ಪಕ್ಕ ಪಕ್ಷ ಬರೀಬೇಕು. ಗೊತ್ತಲ್ಲ."

"ಬರೀಲಾ?"

"ಬರಿಯೇ. ಈ ವಯಸ್ಸಲ್ಲಿ ಓಟು ಹಾಕೋಕೆ ಪೇಟೆವರೆಗೂ ಕಾರು ಓಡಿಸ್ಲಾ ನಾನು?"

ಆರ್ಡಿಸ್ ತನ್ನ ಹೆಸರಿನ ಪಕ್ಕ ಡೆಮಾಕ್ರಟ್ ಎಂದು ಬರೆದಳು. ಆಮೇಲೆ ಇಬ್ಬರೂ ಕುರ್ಚಿ ಮಡಚಿ ಗೋಡೆಗೆ ಒರಗಿಸಿದರು.