ಪಂಕಜಾ ಕಲಿತ ಉತ್ತರಗಳು

"ದನಿ ಬಂದ್ರೆ ಏನ್ಮಾಡ್ತೀಯ?"

"ನೂರರಿಂದ ಹಿಂದಕ್ಕೆ ಎಣಿಸ್ತೀನಿ. ಪಕ್ಕದಲ್ಲಿರೋರ ಜೊತೆ ಮಾತಾಡ್ತೀನಿ. ಈಗ ಬರೋದೇ ಇಲ್ಲ ಅಂತನೂ ಹೇಳ್ಬೇಕಲ್ವಾ?"

"ಅದನ್ನೇ ಮೊದ್ಲು ಹೇಳು," ಎಂದ ಗಂಗಾಧರಯ್ಯ.

ಆಸ್ಪತ್ರೆಯ ಜಗಲಿಯಲ್ಲಿ ಕುಳಿತು ಹೆಂಡತಿ ಪಂಕಜಾಳಿಂದ ಹೀಗೆ ಪಾಠ ಒಪ್ಪಿಸಿಕೊಳ್ಳುತ್ತಿರುವುದು ಇದು ಐದನೆಯ ಗುರುವಾರ. ಗುರುವಾರ ಡಾಕ್ಟರು ಎಂಟು ಜನ ಹೆಂಗಸರನ್ನು ಸುತ್ತಲೂ ಕೂರಿಸಿ, ಬೇರೆಯವರಿಗೆ ಕೇಳಿಸದ ಆ ದನಿಗಳನ್ನು ಯಾರು ಹೇಗೆ ನಿಭಾಯಿಸಿದರೆಂದು ಮಾತಾಡಿಸುತ್ತಿದ್ದರು. ಚೆನ್ನಾಗಿ ಹೇಳಿದವರನ್ನು ಮನೆಗೆ ಕಳಿಸುತ್ತಾರೆ ಎಂದು ಅವನು ತಿಳಿದಿದ್ದ. ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಪಾಸು ಮಾಡಿದವನಿಗೆ ಬಾಯಿಪಾಠದಲ್ಲಿ ನಂಬಿಕೆಯಿತ್ತು. ಜಯನಗರದ ಮನೆಯಲ್ಲಿ ನಾಲ್ಕು ವರ್ಷದ ಮಗಳು ವಿಮಲಾ ಈಚೆಗೆ ಅಜ್ಜಿಯನ್ನೇ ಅಮ್ಮ ಎನ್ನತೊಡಗಿದ್ದಳು. ಇವತ್ತು ಹೇಗಾದರೂ ಕರೆದೊಯ್ಯಬೇಕು.

ಒಳಗೆ ಮಾತು ಶುರುವಾದಾಗ ಅವನು ಕಿಟಕಿಯ ಹೊರಗೆ ನಿಂತ. ಕೋಣನಕುಂಟೆಯ ಮಂಗಮ್ಮ ಹೇಳುತ್ತಿದ್ದಳು: "ನಂದು ಬಂದ್ರೆ ರಾಗಿ ಬೀಸೋ ಪದ ಹೇಳ್ತೀನಿ ಸಾಮಿ. ನನ್ ಗಂಟ್ಲು ಕೇಳಿ ಅದೇ ಓಡೋಗ್ತದೆ."

ಎಲ್ಲರೂ ನಕ್ಕರು. ಪಂಕಜಾಳ ಸರದಿ ಬಂತು.

"ನಂಗೆ ಈಗ ಬರೋದೇ ಇಲ್ಲ ಡಾಕ್ಟ್ರೇ. ಬಂದ್ರೆ ನೂರರಿಂದ ಹಿಂದಕ್ಕೆ ಎಣಿಸ್ತೀನಿ."

"ಬರೋದೇ ಇಲ್ದಿದ್ಮೇಲೆ ಯಾತಕ್ಕೆ ಎಣಿಸ್ತೀಯೆ ತಾಯಿ?" ಎಂದಳು ಮಂಗಮ್ಮ.

ಈ ಪ್ರಶ್ನೆಗೆ ಅವನು ಉತ್ತರ ಕಲಿಸಿರಲಿಲ್ಲ. ಪಂಕಜಾ ಕಿಟಕಿಯ ಕಡೆ ನೋಡಿದಳು. ಅವನು ಬೇಡವೆಂಬಂತೆ ತಲೆಯಾಡಿಸಿದ.

"ಮೊದ್ಲು ಯಾವ್ದೋ ಹೆಂಗಸಿನ ದನಿ ಇತ್ತು," ಎಂದಳು ಅವಳು ಮೆಲ್ಲಗೆ. "ಈಗ ನಮ್ಮನೆಯವರ ದನಿ. ಬರೋದೇ ಇಲ್ಲ ಅಂತ ಹೇಳು, ಹೇಳು ಅಂತಾರೆ. ಊಟಕ್ಕೆ ಕೂತ್ರೂ ಬಿಡಲ್ಲ."

ಯಾರೂ ನಗಲಿಲ್ಲ. ಡಾಕ್ಟರು ಏನೋ ಬರೆದುಕೊಂಡರು.

ಸಭೆ ಮುಗಿದ ಮೇಲೆ ಗಂಗಾಧರಯ್ಯ ಡಾಕ್ಟರ ದಾರಿಗೆ ಅಡ್ಡ ಬಂದ. "ಸಾರ್, ಅದು ಕಾಯಿಲೆ ಅಲ್ಲ. ನಾನೇ ಹೇಳ್ಕೊಟ್ಟಿದ್ದು."

"ನೀವು ಬರೋದು ವಾರಕ್ಕೊಂದ್ಸಲ," ಎಂದರು ಡಾಕ್ಟರು. "ಮಿಕ್ಕ ದಿನ ಆಕೆಗೆ ಹೇಳ್ತಿರೋದು ಯಾರು? ಇನ್ನೆರಡು ತಿಂಗಳು ಇಲ್ಲೇ ಇರ್ಲಿ. ಹೇಳ್ಕೊಡೋದು ಬಿಟ್ಬಿಡಿ. ಸುಮ್ನೆ ಜೊತೆಗೆ ಕೂತ್ಕೊಳ್ಳಿ, ಸಾಕು."

ಅವನು ಬಂದು ಬೆಂಚಿನ ಮೇಲೆ ಕುಳಿತ. ಪಂಕಜಾ ಪಕ್ಕಕ್ಕೆ ಬಂದಳು.

"ಸರಿಯಾಗಿ ಹೇಳಿದ್ನಾ ರೀ?"

ಹೌದೆಂದರೂ ಇಲ್ಲವೆಂದರೂ ಆ ಮಾತು ವಾರವೆಲ್ಲ ಅವಳೊಳಗೆ ಉಳಿದುಬಿಡುತ್ತದೇನೋ ಎಂದು ಅವನಿಗೆ ಹೆದರಿಕೆಯಾಯಿತು. ತುಟಿ ಬಿಗಿಹಿಡಿದು ಅಂಗಳದ ಕಡೆ ನೋಡುತ್ತ ಕುಳಿತ.

ಅವಳು ತಲೆಯನ್ನು ಸ್ವಲ್ಪ ವಾಲಿಸಿ, ಸೆರಗಿನ ತುದಿ ಹಿಡಿದು, ಗಮನವಿಟ್ಟು ಕೇಳಿಸಿಕೊಂಡಳು.

"ಆಯ್ತು ರೀ," ಎಂದಳು.